ಸಂಘದ ಮನೆ, ಚಿಕ್ಕಿಯ ಉಪಕಾರ

ಬೀಜಾಡಿಯ ನಮ್ಮ ಕಾಲೊನಿಯಲ್ಲಿ ಮನೆಗಳನ್ನು ದೋಣಿಯ ಹೆಸರಿನಿಂದ ಗುರುತಿಸುತ್ತಿದ್ದರು. ಯಾರ ಮನೆಯವರು ಯಾವ ದೋಣಿಗೆ ಹೋಗುತ್ತಾರೋ ಆ ಹೆಸರು ಮನೆಗೂ ಬರುತ್ತಿತ್ತು. ಕೊನೆಯ ಮನೆಗೆ ಮಾತ್ರ ದೋಣಿಯೂ ಇರಲಿಲ್ಲ, ಗಂಡಸರೂ ಇರಲಿಲ್ಲ. ಅದನ್ನು ಸಂಘದ ಮನೆ ಎನ್ನುತ್ತಿದ್ದರು.

ಸಂಘ ಅಂದರೆ ಮೀನುಗಾರರ ಗೃಹನಿರ್ಮಾಣ ಸಹಕಾರ ಸಂಘ. ನಾನು ಬಾಲವಾಡಿಗೆ ಹೋಗುತ್ತಿದ್ದ ಕಾಲದಲ್ಲಿ ಸರ್ಕಾರದಿಂದ ಜಾಗ ಪಡೆದು, ಸಾಲ ಎತ್ತಿ, ತೆಂಗಿನ ಮಡಲಿನ ಗುಡಿಸಲುಗಳಲ್ಲಿದ್ದ ನಮ್ಮವರಿಗೆ ಹಂಚಿನ ಮನೆ ಕಟ್ಟಿಸಿಕೊಟ್ಟದ್ದು ಈ ಸಂಘವೇ. ಒಂದು ಚಾವಡಿ, ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಸ್ವಲ್ಪ ಅಂಗಳ. ಕಂತು ಕಟ್ಟಿ ಮುಗಿಸಿದ ಸದಸ್ಯನ ಹೆಸರಿಗೆ ಮನೆ ಆಗುತ್ತಿತ್ತು. ಕೊನೆಯ ಮನೆಯನ್ನು ಆಫೀಸಿಗೆಂದು ಸಂಘದ ಹೆಸರಿನಲ್ಲೇ ಇಟ್ಟುಕೊಂಡರು. ಚಾವಡಿಯಲ್ಲಿ ಒಂದು ಮೇಜು, ಎರಡು ಬೆಂಚು, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಕಪಾಟು. ಹಿಂದಿನ ಕೋಣೆಗಳಿಗೂ ಅಡುಗೆಮನೆಗೂ ಬೀಗ.

ಆ ಮನೆ ಹೇಗೆ ನಮ್ಮ ಕೈತಪ್ಪಿತು ಎಂದು ಈಗಲೂ ಕಾಲೊನಿಯಲ್ಲಿ ಯಾರಾದರೂ ಕೇಳಿದರೆ, "ಎಂತ ಮಾಡುದ್, ಕಾನೂನ್" ಎನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಕಾನೂನಿನ ತಪ್ಪು ಅದರಲ್ಲಿ ಒಂದಿಷ್ಟೂ ಇರಲಿಲ್ಲ. ನಮ್ಮ ಮನೆ ಕಳೆದದ್ದು ನಮ್ಮ ಮರ್ಯಾದೆಯಿಂದ. ಅದನ್ನು ಹೇಳಬೇಕಾದರೆ ಮೊದಲು ಚಿಕ್ಕಿಯ ಕತೆ ಹೇಳಬೇಕು.

ಚಿಕ್ಕಿ ಅಂದರೆ ನನ್ನ ಅಬ್ಬಿಯ, ಎಂದರೆ ಅಮ್ಮನ, ತಂಗಿ. ಮದುವೆಯಾಗಿ ಮುಂಬೈಗೆ ಹೋಗಿದ್ದವಳು ತೊಂಬತ್ತೇಳರ ಮಳೆಗಾಲದಲ್ಲಿ ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟವ್ ಹಿಡಿದುಕೊಂಡು ಕೋಟೇಶ್ವರದಲ್ಲಿ ಬಸ್ಸಿಳಿದಳು. ಅಲ್ಲಿ ಗಂಡ ಬೇರೆ ಸಂಸಾರ ಹೂಡಿದ್ದ. ಅದು ಊರಿಗೆಲ್ಲ ಗೊತ್ತಿತ್ತು. ಆದರೆ ಚಿಕ್ಕಿ ಬಾಯಿಬಿಟ್ಟು ಹೇಳಿದ್ದು ಇಷ್ಟೇ: "ಆ ಊರಿನ ನೀರ್ ನಂಗ್ ಹಿಡಿಲಿಲ್ಲ." ಕೇಳಿದವರೆಲ್ಲ, ಹೌದು, ಮುಂಬೈ ನೀರು ಒಳ್ಳೆಯದಲ್ಲ, ಎಂದು ಗಂಭೀರವಾಗಿ ತಲೆಯಾಡಿಸಿದರು. ಅಲ್ಲಿಯ ನೀರಿನ ಬಗ್ಗೆ ನಮ್ಮ ಕಾಲೊನಿಯಲ್ಲಿ ಆ ತಿಂಗಳು ನಡೆದಷ್ಟು ಚರ್ಚೆ ಮುಂಬೈಯಲ್ಲೂ ನಡೆದಿರಲಿಕ್ಕಿಲ್ಲ.

ನಮ್ಮಲ್ಲಿ ಹಿಂದಿನಿಂದಲೂ ಮನೆ ಹೆಣ್ಣಿನ ಕಡೆಯದು. ತಾಯಿಯ ಮನೆ ಮಗಳಿಗೆ. ಗಂಡನನ್ನು ಬಿಟ್ಟು ಬಂದರೂ ಗಂಡ ಸತ್ತು ಬಂದರೂ ಹೆಣ್ಣಿಗೆ ಅವಳ ಮೂಲದ ಮನೆಯಲ್ಲಿ ಜಾಗ ಇದ್ದೇ ಇರುತ್ತದೆ ಎಂಬುದು ಯಾರೂ ಹೇಳಿಕೊಡಬೇಕಾಗಿಲ್ಲದ ನಂಬಿಕೆ. ಅಜ್ಜಿಯ ಗುಡಿಸಲು ಇದ್ದ ಕಾಲಕ್ಕೆ ಅದು ನಿಜವೂ ಆಗಿತ್ತು. ಆದರೆ ಕಾಲೊನಿಯ ಮನೆ ಸಂಘದ ಸದಸ್ಯರಾದ ಅಪ್ಪಯ್ಯನ ಹೆಸರಿಗೆ ಬಂತು. ಅಣ್ಣನಿಗೆ ಆಗಷ್ಟೇ ಮದುವೆಯಾಗಿತ್ತು. ಒಂದು ಕೋಣೆ ಅವರಿಗೆ. ಇನ್ನೊಂದರಲ್ಲಿ ಅಬ್ಬಿ, ಅಪ್ಪಯ್ಯ. ಕುಂದಾಪುರದ ಕಾಲೇಜಿಗೆ ಹೋಗುತ್ತಿದ್ದ ನನಗೆ ಚಾವಡಿಯ ಮೂಲೆ. ಚಿಕ್ಕಿ ಅಡುಗೆಮನೆಯಲ್ಲಿ, ರುಬ್ಬುವ ಕಲ್ಲಿನ ಬದಿಯಲ್ಲಿ ಚಾಪೆ ಹಾಸಿಕೊಂಡಳು. ಬೆಳಿಗ್ಗೆ ಅತ್ತಿಗೆ ಒಲೆ ಹಚ್ಚಲು ಬರುವ ಮೊದಲೇ ಎದ್ದು ಚಾಪೆ ಸುತ್ತಿ ಅಡಗಿಸಿಡುತ್ತಿದ್ದಳು, ಅಲ್ಲಿ ಯಾರೂ ಮಲಗಿರಲೇ ಇಲ್ಲ ಎನ್ನುವ ಹಾಗೆ. ಒಂದೆರಡು ತಿಂಗಳು ಹೀಗೇ ಹೋಯಿತು.

ಆಮೇಲೆ ಒಂದು ಮಧ್ಯಾಹ್ನ ಗುರಿಕಾರರು ಬಂದರು. ಗುರಿಕಾರರು ಅಂದರೆ ನಮ್ಮ ಕೇರಿಯ ಹಿರಿಯರು. ಮದುವೆಯಾಗಲಿ, ಬಲೆಯ ಜಗಳವಾಗಲಿ, ಅವರ ಮಾತೇ ಕಡೆ. ಸಂಘ ಕಟ್ಟಿದವರಲ್ಲೂ ಅವರೇ ಮೊದಲಿಗರು. ಅಂಗಳದಲ್ಲೇ ನಿಂತು "ಹ್ವಾಯ್, ಒಳ್ಗಿದ್ರ್ಯಾ?" ಎಂದು ಕೂಗಿದರು. ಅಬ್ಬಿ ಬೆಂಚು ಒರೆಸಿ ಕೊಟ್ಟಳು. ಅವರು ಕೂತು, ಮಳೆ, ಗಾಳಿ, ಬಲೆಗೆ ಬಿದ್ದ ಬೈಗೆ ಮೀನು ಎಲ್ಲ ಮಾತಾಡಿ ಮುಗಿಸಿ, ಚಿಕ್ಕಿಯ ಕಡೆ ತಿರುಗಿದರು.

"ಹೆಣೆ, ನಿನ್ನತ್ರ ಒಂದ್ ಉಪಕಾರ ಕೇಂಬುಕೆ ಬಂದದ್ದ್."

"ನನ್ನತ್ರ ಎಂತ ಉಪಕಾರ?" ಎಂದಳು ಚಿಕ್ಕಿ.

"ಆ ಸಂಘದ ಮನಿ ಕಾಣ್, ಬೀಗ ಹಾಕಿ ಹಾಕಿ ಗೆದ್ದಲ್ ಹಿಡಿತಾ ಇತ್ತ್. ಮನುಷ್ಯರ ಉಸಿರಿಲ್ದಿರೆ ಮನಿ ಹಾಳ್ ಬೀಳತ್ತ್. ನೀನ್ ಅಲ್ಲಿ ಇದ್ಕಂಡ್, ಸಂಜಿಗ್ ಒಂದ್ ದೀಪ ಹಚ್ಚಿರೆ ಸಂಘಕ್ಕೆ ದೊಡ್ಡ ಉಪಕಾರ ಆತ್ತ್."

ಚಿಕ್ಕಿ ತಕ್ಷಣ ಒಪ್ಪಲಿಲ್ಲ. ಅದೇ ಅವಳ ಚಂದ. "ನಂಗ್ ಪುರ್ಸೊತ್ ಎಲ್ಲಿತ್ ಮಾರಾಯ್ರೆ? ಮೀನ್ ಬುಟ್ಟಿ ಹೊರ್ಕಾ, ನಿಮ್ಮ ಮನಿ ಕಾಯ್ಕಾ?" ಎಂದಳು. ಗುರಿಕಾರರು ಮತ್ತೊಮ್ಮೆ ಕೇಳಿದರು. ಅವಳು ಮತ್ತೊಮ್ಮೆ ಗೊಣಗಿದಳು. ಮೂರನೆಯ ಸಲ, "ಆಯ್ಲಿ, ನೀವ್ ಇಷ್ಟ್ ಹೇಳ್ತ್ರಿ ಅಂದೇಳಿ" ಎಂದು ಒಪ್ಪಿಕೊಂಡಳು. ಗುರಿಕಾರರು ದೊಡ್ಡ ಭಾರ ಇಳಿದವರ ಹಾಗೆ ಉಸಿರು ಬಿಟ್ಟು, ಅಬ್ಬಿ ಕೊಟ್ಟ ಚಾ ಕುಡಿದು ಹೋದರು. ಅವರು ಬೇಲಿ ದಾಟಿದ ಮೇಲೆ ಅಬ್ಬಿ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ನಮ್ಮವರು ಕೊಡುವುದು ಹೀಗೆಯೇ. ಗಂಡಸರು ಕಡಲಿಗೆ ಹೋಗದ ಮನೆಗೆ ಮೀನು ಕೊಡುವಾಗಲೂ, "ಇದ್ ಹೆಚ್ಚಾಯ್ತ್, ಹಾಳಾತ್ತ್, ನೀವ್ ಒಂಚೂರ್ ತಕಂಡ್ರೆ ಉಪಕಾರ" ಎಂದೇ ಕೊಡುವುದು. ತೆಗೆದುಕೊಳ್ಳುವವರು ಒಲ್ಲದ ಮನಸ್ಸಿನಿಂದ ಪಾತ್ರೆ ತರಬೇಕು. ಕೊಟ್ಟವರ ಕೈ ಮೇಲೆ ಆಗಬಾರದು, ತಕ್ಕೊಂಡವರ ತಲೆ ಕೆಳಗೆ ಆಗಬಾರದು. ಇದಕ್ಕಿಂತ ನಯವಾಗಿ ಬಡತನವನ್ನು ಮುಚ್ಚುವ ಕೆಲಸ ನಾನು ಎಲ್ಲೂ ಕಂಡಿಲ್ಲ. ಆದರೆ ಇದನ್ನು ಗೊತ್ತಿಲ್ಲದವರ ಮುಂದೆ ಆಡಿದರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಗೊತ್ತಿಲ್ಲದವರು ನಮ್ಮ ಕೇರಿಗೆ ಬರುತ್ತಲೂ ಇರಲಿಲ್ಲ ಅನ್ನಿ.

ಸಂಘದ ಮನೆಗೆ ಹೋದ ಒಂದೇ ವಾರದಲ್ಲಿ ಚಿಕ್ಕಿ ಬೇರೆ ಹೆಂಗಸಾದಳು. ಗೋಡೆಗೆ ಸುಣ್ಣ ಬಳಿದಳು. ಹಿಂದಿನ ಕೋಣೆಯ ಕಿಟಕಿಗೆ ಹಳೆ ಸೀರೆಯ ಪರದೆ ಬಂತು. ಕೋಟೇಶ್ವರದಲ್ಲಿ ಮೀನು ಮಾರಿ ಬಂದವಳು ಬುಟ್ಟಿಯನ್ನು ಬಾವಿಕಟ್ಟೆಯಲ್ಲಿ ತೊಳೆದು ಕವುಚಿಟ್ಟು, ಮಿಂದು, ಸಂಜೆ ದೀಪ ಹಚ್ಚಿ, ಚಾವಡಿಯ ಬೆಂಚಿನ ಮೇಲೆ ಕಾಲು ನೀಡಿ ಕೂತರೆ ಸಂಘದ ಅಧ್ಯಕ್ಷರಿಗೂ ಅಲ್ಲಿ ಕೂರಲು ಧೈರ್ಯ ಇರುತ್ತಿರಲಿಲ್ಲ. ಮೀಟಿಂಗಿಗೆ ಬಂದ ಸದಸ್ಯರು ಮರಳು ಕಾಲಿನಲ್ಲಿ ಒಳಗೆ ಬಂದರೆ, "ಹ್ವಾಯ್, ಇದ್ ಎಂತ ನಿಮ್ಮ ಮನಿಯಾ? ಸಂಘದ್ ಮನಿ! ಕಾಲ್ ತೊಳ್ಕಂಡ್ ಬನ್ನಿ" ಎಂದು ಗದರುತ್ತಿದ್ದಳು. ಅವಳು ಸದಸ್ಯೆಯಲ್ಲ, ಆದರೂ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಲೇ ಗೋಡೆಯಾಚೆಯಿಂದ ಎಲ್ಲ ವಿಷಯಕ್ಕೂ ಅಭಿಪ್ರಾಯ ಕೊಡುತ್ತಿದ್ದಳು. ಅವಳಿಗೆ ಸರಿ ಕಾಣದ ನಿರ್ಣಯ ಬಂದರೆ ತುರಿಯುವ ಸದ್ದು ನಿಲ್ಲುತ್ತಿತ್ತು. ಆ ಸದ್ದು ನಿಂತ ಮೇಲೆ ಪಾಸಾದ ನಿರ್ಣಯ ನನಗೆ ನೆನಪಿಲ್ಲ.

ಅವಳ ಅಂಗಳದಲ್ಲಿ ಇಡೀ ಕಾಲೊನಿಯ ಹೆಂಗಸರು ಮೀನು ಒಣಗಿಸುತ್ತಿದ್ದರು. ಮುಂಬೈಯಿಂದ ಬಂದ ನಾಲ್ಕು ಮಾತುಗಳನ್ನು ಅವಳು ಕಾಗೆಗಳಿಗೆಂದೇ ಇಟ್ಟುಕೊಂಡಿದ್ದಳು. "ಚಲ್, ಹಟ್!" ಎಂದು ಕೋಲು ಬೀಸಿದರೆ ಬೀಜಾಡಿಯ ಕಾಗೆಗಳಿಗೂ ಹಿಂದಿ ತಿಳಿಯುತ್ತಿತ್ತು. ನಾನು ಬಿ.ಎಡ್. ಪರೀಕ್ಷೆಗೆ ಓದಿದ್ದು ಆ ಚಾವಡಿಯಲ್ಲಿ. ಓದುವಾಗ ನಿದ್ದೆ ತೂಗಿದರೆ ಒಳಗಿನಿಂದ ಅವಳ ದನಿ ಬರುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ನೆಮ್ಮದಿಯ ಬೈಗುಳ ಮತ್ತೆ ಸಿಕ್ಕಿಲ್ಲ.

ನಾನು ಬ್ರಹ್ಮಾವರದಲ್ಲಿ ಟೀಚರಾಗಿ ಶಾಲೆ ಸೇರಿದೆ, ಬಾರ್ಕೂರಿನ ಕಡೆಯವರನ್ನು ಮದುವೆಯಾದೆ, ಬ್ರಹ್ಮಾವರದಲ್ಲೇ ಮನೆ ಮಾಡಿದೆವು. ಈ ಕಡೆ ಕಾಲೊನಿಯಲ್ಲಿ ಒಬ್ಬೊಬ್ಬರದೇ ಕಂತು ಮುಗಿದು, ಎಲ್ಲರ ಮನೆಯೂ ಅವರವರ ಹೆಸರಿಗೆ ಆಯಿತು. ಮನೆ ಸ್ವಂತಕ್ಕೆ ಆದ ಮೇಲೆ ಸಂಘದಲ್ಲಿ ಯಾರಿಗೆ ಏನು ಕೆಲಸ? ಮೀಟಿಂಗಿಗೆ ಬರುವವರು ಕಡಿಮೆಯಾದರು. ಗುರಿಕಾರರು ತೀರಿಕೊಂಡರು. ಚುನಾವಣೆ ನಡೆಯಲಿಲ್ಲ, ಲೆಕ್ಕ ತಪಾಸಣೆ ನಡೆಯಲಿಲ್ಲ. ಇಲಾಖೆಯಿಂದ ಬಂದ ಕಾಗದಗಳಿಗೆ ಯಾರೂ ಉತ್ತರ ಬರೆಯಲಿಲ್ಲ. ಕೊನೆಗೊಂದು ದಿನ ಸಂಘವನ್ನು ಸಮಾಪನೆ ಮಾಡುವುದಾಗಿ ಆದೇಶ ಬಂತು. ಅದರ ವ್ಯವಹಾರ ಮುಗಿಸಿ, ಆಸ್ತಿಯ ವಿಲೇವಾರಿ ಮಾಡಿ, ಸಂಘವನ್ನೇ ಇಲ್ಲವಾಗಿಸುವುದು. ಅದಕ್ಕೊಬ್ಬ ಸಮಾಪನಾಧಿಕಾರಿಯ ನೇಮಕವೂ ಆಯಿತು.

ನಾನು ಆ ಭಾನುವಾರ ಊರಿಗೆ ಹೋದಾಗ ನೋಟೀಸನ್ನು ಸಂಘದ ಮನೆಯ ಬಾಗಿಲಿಗೆ ಅಂಟಿಸಿದ್ದರು. ಸಂಘದ ಮೇಲೆ ಯಾವುದೇ ಹಕ್ಕು, ಬಾಕಿ, ತಕರಾರು ಇದ್ದವರು ಗಡುವಿನೊಳಗೆ ಲಿಖಿತವಾಗಿ ತಿಳಿಸಬೇಕು ಎಂದಿತ್ತು. ಚಿಕ್ಕಿ ಬಾಗಿಲು ಒರೆಸುವಾಗ ಆ ಕಾಗದಕ್ಕೆ ನೀರು ತಾಗದಂತೆ ಸುತ್ತ ಒರೆಸಿದ್ದಳು. ಸಂಘದ ಕಾಗದ ಅಲ್ಲವೇ, ಹಾಳಾಗಬಾರದು.

"ಚಿಕ್ಕಿ, ನೀನು ಬರೆದು ಕೊಡಬೇಕು. ನಾನೇ ಬರೆಯುತ್ತೇನೆ, ನೀನು ರುಜು ಹಾಕು ಸಾಕು" ಎಂದೆ.

"ಎಂತ ಬರುದು?"

"ಸಂಘ ನಿನಗೆ ವಾಸಕ್ಕೆ ಈ ಮನೆ ಕೊಟ್ಟಿದೆ, ನಿನಗೆ ಬೇರೆ ಮನೆ ಇಲ್ಲ ಅಂತ."

ಅವಳು ನನ್ನನ್ನು ನೋಡಿದ ರೀತಿ ಮರೆಯಲಿಕ್ಕೆ ಆಗುವುದಿಲ್ಲ. ಯಾರದೋ ಮನೆಯ ಪಾತ್ರೆ ಕದಿಯಲು ಹೇಳಿಕೊಟ್ಟವಳ ಹಾಗೆ ಕಂಡೆನೇನೋ. "ಸಂಘದ ಮೇಲೆ ನಾನ್ ತಕರಾರ್ ಹಾಕುದಾ? ನಾನ್ ಇಲ್ಲಿಗ್ ಉಪಕಾರಕ್ಕೆ ಬಂದವಳ್. ಉಪಕಾರಕ್ಕೆ ಬಂದವ್ರ್ ಕಡಿಕ್ ಮನಿಯೇ ನಂದ್ ಅಂಬುದಾ? ಗುರಿಕಾರ್ರ್ ಮೇಲಿಂದ ಕಂಡ್ರೆ ಎಂತ ಹೇಳ್ತ್ರ್?"

ನಾನು ಮಕ್ಕಳಿಗೆ ವರ್ಷವೂ ಅರ್ಜಿ ಬರೆಯುವುದನ್ನು ಕಲಿಸುತ್ತೇನೆ. ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ಎಂದು ಶುರುಮಾಡಿ, ಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಕೇಳಬೇಕು, ಸುತ್ತುಬಳಸಬಾರದು. ಐದನೇ ತರಗತಿಯ ಮಕ್ಕಳಿಗೆ ಬರುತ್ತದೆ. ನನ್ನ ಚಿಕ್ಕಿಗೆ ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ, ಆ ವಾಕ್ಯ ಅವಳ ಬಾಯಲ್ಲಿ ಹಿಡಿಯುತ್ತಿರಲಿಲ್ಲ.

ನಾನು ಅಧ್ಯಕ್ಷರ ಬಳಿಗೆ ಹೋದೆ. ಐಸ್ ಸಾಗಿಸುವ ಟೆಂಪೋ ಇಟ್ಟುಕೊಂಡಿದ್ದ ಅವರು ಒಳ್ಳೆಯ ಮನುಷ್ಯ, ಚಿಕ್ಕಿಯ ಬಗ್ಗೆ ಭಯವೂ ಪ್ರೀತಿಯೂ ಸಮಸಮ ಇದ್ದವರು. ಕಾಲೊನಿಯ ನಾಲ್ಕು ಜನ ಹಿರಿಯರನ್ನೂ ಕರೆಸಿ ಕೂರಿಸಿದೆ. ಸಮಾಪನೆಯ ಆಫೀಸರು ಬಂದಾಗ ಏನು ಹೇಳಬೇಕೆಂದು ಪಾಠ ಮಾಡಿದೆ: "ಅವರಿಗೆ ಬೇರೆ ಮನೆ ಇಲ್ಲ. ಸಂಘವೇ ಅವರಿಗೆ ಈ ಮನೆ ಕೊಟ್ಟದ್ದು. ಅವರು ಇರುವವರೆಗೆ ಅಲ್ಲೇ ಇರಲಿ. ಇಷ್ಟೇ ಹೇಳಿ." ಎಲ್ಲರೂ ಒಪ್ಪಿದರು. ಅಧ್ಯಕ್ಷರು, "ತಲೆಬಿಸಿ ಮಾಡ್ಬೇಡಿ ಟೀಚರ್, ನಾವೆಲ್ಲ ಇಲ್ಯಾ? ಬಾಯಲ್ಲೇ ಹೇಳುವ" ಎಂದರು. ನನಗೂ ಧೈರ್ಯ ಬಂತು.

ಆಫೀಸರು ಬಂದ ದಿನ ನಾನು ರಜೆ ಹಾಕಿ ಹೋಗಿದ್ದೆ. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಗಂಡಸರು ಬೇಲಿಯ ಬದಿಗೆ, ಹೆಂಗಸರು ಬಾವಿಯ ಬದಿಗೆ. ಬಂದವರು ದರ್ಪದ ಮನುಷ್ಯರಾಗಿರಲಿಲ್ಲ. ಕಾನೂನನ್ನು ನಿಧಾನಕ್ಕೆ, ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದರು. ಸದಸ್ಯರ ಹೆಸರಿಗೆ ಆದ ಮನೆಗಳನ್ನು ಯಾರೂ ಮುಟ್ಟುವುದಿಲ್ಲ. ಸಂಘದ ಹೆಸರಿನಲ್ಲಿ ಉಳಿದದ್ದರಿಂದ ಮೊದಲು ಹೊರಗಿನ ಬಾಕಿ ತೀರಬೇಕು, ಆಮೇಲೆ ಸದಸ್ಯರ ಷೇರು ಅವರಿಗೆ ವಾಪಸು. ಅಷ್ಟಾದ ಮೇಲೂ ಮಿಕ್ಕಿದ ಆಸ್ತಿಯನ್ನು ಸದಸ್ಯರು ತಮ್ಮೊಳಗೆ ಹಂಚಿಕೊಳ್ಳುವಂತಿಲ್ಲ. ಬಡವರಿಗೆ ಮನೆ ಮಾಡಿಕೊಡುವ ಇಂಥದೇ ಉದ್ದೇಶದ ಇನ್ನೊಂದು ಸಂಘಕ್ಕೆ ಅದು ಹೋಗಬೇಕು.

"ಸಂಘದ್ದ್ ಅಂದ್ರೆ ನಮ್ದೇ ಅಲ್ದಾ ಸಾರ್?" ಎಂದು ಒಬ್ಬರು ಕೇಳಿದರು.

"ನಿಮ್ಮದೇ. ಆದರೆ ನಿಮ್ಮಲ್ಲಿ ಒಬ್ಬೊಬ್ಬರದ್ದಲ್ಲ" ಎಂದರು ಆಫೀಸರು.

ಆ ಮಾತಿನಲ್ಲಿ ನನಗೆ ಆಗಲೂ ತಪ್ಪು ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. ಆ ನಿಯಮ ಇಲ್ಲದಿದ್ದರೆ ನಾಳೆ ನಾಲ್ಕು ಜನ ಸೇರಿ, ಬಡವರಿಗೆಂದು ಕೊಟ್ಟ ಜಾಗವನ್ನು ಮಾರಿ ತಿಂದು ಕೈ ತೊಳೆದುಕೊಳ್ಳಬಹುದು. ಗುರಿಕಾರರು ಬದುಕಿದ್ದರೆ ಅವರೂ ತಲೆಯಾಡಿಸುತ್ತಿದ್ದರು.

ಆಮೇಲೆ ಅವರು ಕಡತ ಮಡಚಿ, ಮನೆಯ ಕಡೆ ನೋಡಿ, "ಇಲ್ಲಿ ಒಬ್ಬರು ವಾಸ ಇದ್ದಾರೆ ಅಂತ ಕೇಳಿದೆ. ಸಂಘ ಅವರಿಗೆ ಮನೆ ಕೊಟ್ಟಿದೆಯಾ? ನಿರ್ಣಯ ಏನಾದರೂ ಆಗಿದೆಯಾ? ಬಾಯಿಮಾತಿನಲ್ಲಿ ಆಗಿದ್ದರೂ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದರು. ಇಷ್ಟು ದೊಡ್ಡ ಬಾಗಿಲನ್ನು ಯಾವ ಸರ್ಕಾರಿ ಮನುಷ್ಯ ತೆರೆದಿಟ್ಟಾನು! ನಾನು ಅಧ್ಯಕ್ಷರ ಮುಖ ನೋಡಿದೆ. ಅವರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

ಸರಿಯಾಗಿ ಅದೇ ಹೊತ್ತಿಗೆ ಚಿಕ್ಕಿ ತಟ್ಟೆಯಲ್ಲಿ ಚಾ ಹಿಡಿದುಕೊಂಡು ಹೊರಗೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು, ತಲೆಗೆ ಅಬ್ಬಲಿಗೆ ಮುಡಿದಿದ್ದಳು. ಮನೆಗೆ ದೊಡ್ಡವರು ಬಂದಾಗ ಮನೆಯ ಯಜಮಾನಿತಿ ಹೇಗಿರಬೇಕೋ ಹಾಗೆ ಇದ್ದಳು. ಆಫೀಸರಿಗೆ ಮೊದಲು ಕೊಟ್ಟು, ಅಧ್ಯಕ್ಷರ ಮುಂದೆ ತಟ್ಟೆ ಹಿಡಿದಳು.

ಅಧ್ಯಕ್ಷರು ಲೋಟ ತೆಗೆದುಕೊಂಡರು. ಅವಳ ಮುಖ ನೋಡಿದರು. ಈಕೆಗೆ ಮನೆಮಠ ಇಲ್ಲ, ನಾವು ದಾನ ಕೊಟ್ಟದ್ದು ಎಂದು ಹೊರಗಿನವರೆದುರು ಅವಳ ಚಾ ಕೈಯಲ್ಲಿ ಹಿಡಿದು ಹೇಳಬೇಕಿತ್ತು. ಅವರಿಂದ ಆಗಲಿಲ್ಲ.

"ಅವ್ರ್... ಅವ್ರ್ ಸಂಘಕ್ಕೆ ಉಪಕಾರ ಮಾಡ್ತಾ ಇದ್ರ್ ಸಾರ್. ಮನಿ ಹಾಳಾಪ್ಪುದ್ ಬೇಡ ಅಂದೇಳಿ ನಾವೇ ಕೇಂಡ್ಕಂಡದ್ದ್" ಎಂದರು.

ಆಫೀಸರು ಉಳಿದವರನ್ನು ನೋಡಿದರು. ನಾನು ಪಾಠ ಮಾಡಿದ ನಾಲ್ವರು ಹಿರಿಯರೂ "ಹೌದ್ ಹೌದ್, ಅವ್ರ್ ಇದ್ದದ್ದಕ್ಕೆ ಮನಿ ಉಳಿತ್" ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಅವರೆಲ್ಲ ಅವಳನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದರು, ಅವರ ಮುಖದಲ್ಲಿ ಅದು ಕಾಣುತ್ತಿತ್ತು.

"ಅಮ್ಮ, ನಿಮಗೆ ಬೇರೆ ಮನೆ ಇದೆಯಾ?" ಎಂದು ಆಫೀಸರು ಚಿಕ್ಕಿಯನ್ನೇ ಕೇಳಿದರು.

"ಮನಿ ಇಲ್ದೆ ಎಂತ?" ಎಂದಳು ಚಿಕ್ಕಿ. "ಅಲ್ಲಿ ಕಾಂತಿತಲ್ಲ, ಅಕ್ಕನ ಮನಿ. ಅದ್ ನಂದೇ ಮನಿ."

ಬಾವಿಯ ಬದಿಯಲ್ಲಿ ನಿಂತಿದ್ದ ಅಬ್ಬಿಗೆ ಏನು ಹೇಳಲು ಸಾಧ್ಯವಿತ್ತು? ಇಲ್ಲ ಅಂದರೆ ಒಡಹುಟ್ಟಿದವಳನ್ನು ಜನರ ಮುಂದೆ ಹೊರಗೆ ಹಾಕಿದಂತೆ. "ಹೌದ್, ಅವಳ್ದೇ ಮನಿ" ಎಂದಳು. ನಾನು "ಸಾರ್, ಅದು ಹಾಗಲ್ಲ" ಎಂದು ಬಾಯಿ ತೆರೆದೆ. "ನೀನ್ ಸುಮ್ನಿರ್, ದೊಡ್ಡವ್ರ್ ಮಾತಾಡ್ತಿದ್ರ್" ಎಂದು ಚಿಕ್ಕಿ ಕಣ್ಣು ದೊಡ್ಡದು ಮಾಡಿದಳು. ಮೂವತ್ತು ದಾಟಿದ ಟೀಚರು ಬೈಸಿಕೊಂಡದ್ದಕ್ಕೆ ಹೆಂಗಸರು ನಕ್ಕರು. ಆಫೀಸರೂ ನಕ್ಕರು. ನಗುತ್ತಲೇ ಬರೆದುಕೊಂಡರು.

ಅವರ ಜೀಪಿನವರೆಗೆ ಓಡಿಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಮ್ಮ ಕಡೆ ಹೀಗೆ ಮಾತಾಡುವ ಕ್ರಮ, ಉಪಕಾರ ಅಂದರೆ ಉಪಕಾರ ಅಲ್ಲ, ಮನೆ ಇದೆ ಅಂದರೆ ಮನೆ ಇಲ್ಲ ಎಂದೆಲ್ಲ. ಹೇಳುತ್ತಿದ್ದಂತೆ ನನಗೇ ಹುಚ್ಚಿಯ ಮಾತಿನಂತೆ ಕೇಳಿಸಿತು. ಅವರು ಪೂರ್ತಿ ಕೇಳಿಸಿಕೊಂಡರು. "ಟೀಚರೇ, ಅವರ ಬಾಯಿಂದ ಬಂದದ್ದನ್ನು ನಿಮ್ಮ ಬಾಯಿಂದ ಅಳಿಸಲು ಆಗುತ್ತದಾ? ಅವರ ರುಜು ಇರುವ ಒಂದು ಬರಹ ಕೊಡಿಸಿ. ಗಡುವು ಇನ್ನೂ ಇದೆ. ನನ್ನಿಂದ ಆದದ್ದು ಮಾಡುವ" ಎಂದರು.

ಗಡುವು ಮುಗಿಯುವವರೆಗೆ ನಾನು ವಾರವಾರ ಹೋದೆ. ಚಿಕ್ಕಿಯ ಉತ್ತರ ಒಂದೇ. "ಊರಿನವ್ರ್ ಎದ್ರ್ ಮನಿ ಇತ್ತ್ ಅಂದದ್ದನ್ನ ಈಗ ಇಲ್ಲ ಅಂದ್ ಬರ್ದ್ ಕೊಡ್ಕಾ? ಹಾಂಗಾರೆ ಅಧ್ಯಕ್ಷರೂ ಸುಳ್ಳ್ ಹೇಳ್ರ್, ಅಕ್ಕನೂ ಸುಳ್ಳ್ ಹೇಳ್ತ್ ಅಂದಾಯ್ತಲೆ." ಅಬ್ಬಿ ಕೇಳಿದಳು. ಅಧ್ಯಕ್ಷರು ಬಂದು ಕೈ ಮುಗಿದರು. ಅವರಿಗೂ ಚಾ ಕೊಟ್ಟು ಕಳಿಸಿದಳು. ನಾನು ಒಂದು ದಿನ ತಡೆಯಲಾರದೆ ಕಿರುಚಿದೆ: ಈ ಮರ್ಯಾದೆ ಇಟ್ಟುಕೊಂಡು ಎಲ್ಲಿ ಮಲಗುತ್ತಿ ಎಂದು. ಅವಳು ಅದಕ್ಕೆ ಸಿಟ್ಟಾಗಲಿಲ್ಲ. ನನಗೆ ಬಂಗುಡೆ ಹುರಿದು ಬಡಿಸಿದಳು.

ಮನೆ ಆಚೆ ಕಡೆಯ ಇನ್ನೊಂದು ಗೃಹನಿರ್ಮಾಣ ಸಂಘಕ್ಕೆ ಹೋಯಿತು. ಅವರು ತಮ್ಮ ಸದಸ್ಯರಲ್ಲೇ ಮನೆ ಇಲ್ಲದ ಒಂದು ಸಂಸಾರಕ್ಕೆ ಅದನ್ನು ಕೊಟ್ಟರು. ಪಾಪದವರು, ಸಣ್ಣ ಸಣ್ಣ ಮಕ್ಕಳು. ಅವರನ್ನು ದ್ವೇಷಿಸಲು ನಾನು ತುಂಬಾ ಪ್ರಯತ್ನಪಟ್ಟೆ, ಆಗಲಿಲ್ಲ. ಅವರಿಗೆ ಅರ್ಜಿ ಬರೆಯಲು ಗೊತ್ತಿತ್ತು, ಅಷ್ಟೇ.

ಬಿಟ್ಟುಕೊಡುವ ಮೊದಲು ಚಿಕ್ಕಿ ಇಡೀ ಮನೆಗೆ ಇನ್ನೊಂದು ಸಲ ಸುಣ್ಣ ಬಳಿದಳು. ಬಂದವರಿಗೆ ಬಾವಿಯ ರಾಟೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಮಳೆಗೆ ಯಾವ ಹಂಚು ಸೋರುತ್ತದೆ ಎಲ್ಲ ತೋರಿಸಿಕೊಟ್ಟಳು. ಬೀಗದಕೈ ಕೊಡುವಾಗ ಅಧ್ಯಕ್ಷರು ಅಲ್ಲಿರಲಿಲ್ಲ. ಟೆಂಪೋದಲ್ಲಿ ಬೈಂದೂರಿಗೆ ಐಸ್ ಹಾಕಲು ಹೋಗಿದ್ದಾರೆ ಎಂದರು. ಆ ದಿನ ಐಸಿನ ಲೋಡು ಇರಲಿಲ್ಲ ಎಂದು ಆಮೇಲೆ ಅಣ್ಣ ಹೇಳಿದ.

ಚಿಕ್ಕಿ ಅವಳದೇ ಮನೆಗೆ ಬಂದಳು. ರುಬ್ಬುವ ಕಲ್ಲಿನ ಜಾಗದಲ್ಲಿ ಈಗ ಗ್ಯಾಸಿನ ಸಿಲಿಂಡರ್ ಇತ್ತು. ಅಣ್ಣನ ಮಕ್ಕಳು ದೊಡ್ಡವರಾಗಿದ್ದರು. ಅತ್ತಿಗೆ ಒಂದು ಕೆಟ್ಟ ಮಾತೂ ಆಡಿದವಳಲ್ಲ, ಆದರೆ ಬೆಳಿಗ್ಗೆ ಅಡುಗೆಮನೆಗೆ ಬರುವ ಮೊದಲು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಳು. ಆ ಕೆಮ್ಮನ್ನು ಒಂದು ಭಾನುವಾರ ನಾನೇ ಕೇಳಿದೆ. ಅವತ್ತೇ ಚಿಕ್ಕಿಯನ್ನು ಹಿತ್ತಲಿಗೆ ಕರೆದೆ.

ನಾನೂ ಅದೇ ಕೇರಿಯವಳಲ್ಲವೇ. "ಚಿಕ್ಕಿ, ನಾವಿಬ್ಬರೂ ಕೆಲಸಕ್ಕೆ ಹೋದರೆ ಬ್ರಹ್ಮಾವರದ ಮನೆ ಬಾಗಿಲು ಹಾಕಿಯೇ ಇರುತ್ತದೆ. ನೀನು ಬಂದು ಇದ್ದರೆ ನನಗೆ ದೊಡ್ಡ ಉಪಕಾರ" ಎಂದೆ.

"ಬೇಡ ಹೆಣೆ. ಆ ಮಾತ್ ಇನ್ ಬೇಡ. ಅದ್ರಲ್ಲಿ ನಾನ್ ಸಾಕಷ್ಟ್ ಕಂಡಾಯ್ತ್. ನಿಂಗ್ ಮನಿ ಇಲ್ಲ, ನನ್ನ ಮನಿಗ್ ಬಾ ಅಂದ್ ಬಾಯ್ಬಿಟ್ ಹೇಳ್. ಬತ್ತೆ."

ತರಗತಿಯಲ್ಲಿ ಅಷ್ಟು ಜೋರಿನ ನನಗೆ ನಾಲಿಗೆ ಏಳಲಿಲ್ಲ. ಅವಳು ಬಿಡಲಿಲ್ಲ, ಕಾಯುತ್ತ ನಿಂತಳು. ಕೊನೆಗೆ ನೆಲ ನೋಡುತ್ತ ಹೇಳಿದೆ. "ನಿನಗೆ ಮನೆ ಇಲ್ಲ ಚಿಕ್ಕಿ. ನನ್ನ ಮನೆಗೆ ಬಾ." ಅವಳು ಒಳಗೆ ಹೋಗಿ ಟ್ರಂಕು ತಂದಳು. ಹೊಸ ರಸ್ತೆಗೆ ಅಗೆದು ಹಾಕಿದ್ದ ಹೈವೇಯಲ್ಲಿ ಬಸ್ಸು ಕುಲುಕುತ್ತ ಬಂತು. ಬ್ರಹ್ಮಾವರ ಬರುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ನಮ್ಮ ಮನೆಯಲ್ಲಿ ಅವಳಿಗೆ ಒಂದು ಕೋಣೆ ಕೊಟ್ಟೆವು. ಮಂಚ, ಗಾಳಿ, ಬೆಳಕು ಎಲ್ಲ ಇತ್ತು. ನನ್ನ ಗಂಡ ಅವಳನ್ನು ತಾಯಿಯಂತೆ ನೋಡಿಕೊಂಡರು. ಚಿಕ್ಕಿ ಸುಖವಾಗಿದ್ದಾಳೆ ಎಂದು ಊರಿನವರಿಗೆ ಹೇಳುತ್ತಿದ್ದೆ, ಅದು ಸುಳ್ಳೂ ಅಲ್ಲ. ಆದರೆ ಅವಳು ಯಾರನ್ನೂ ಗದರಲಿಲ್ಲ. ನನ್ನ ಮಗಳು ಮಣ್ಣು ಕಾಲಿನಲ್ಲಿ ಒಳಗೆ ಓಡಿ ಬಂದರೆ ತಾನೇ ಬಟ್ಟೆ ತಂದು ನೆಲ ಒರೆಸುತ್ತಿದ್ದಳು. ಮೀನಿನ ಸಾರಿಗೆ ಉಪ್ಪು ಕಡಿಮೆಯಾದರೆ ಸುಮ್ಮನೆ ಉಣ್ಣುತ್ತಿದ್ದಳು. ಒಂದು ಸಲ ಬೈದುಬಿಡು ಚಿಕ್ಕಿ, ಎಂದು ಕೇಳಬೇಕು ಅನ್ನಿಸುತ್ತಿತ್ತು. ಅದನ್ನು ಹೇಗೆ ಕೇಳುವುದು?

ಏಪ್ರಿಲಿನ ಸೆಕೆಯಲ್ಲಿ ಶಾಲೆಯಿಂದ ಬಂದರೆ ಅವಳ ಸೀರೆ ಬೆನ್ನಿಗೆ ಅಂಟಿರುತ್ತಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಬೆಳಿಗ್ಗೆಯಿಂದ ಇಡೀ ಮನೆಯಲ್ಲಿ ಅವಳೊಬ್ಬಳೇ. ಫ್ಯಾನಿನ ಸ್ವಿಚ್ಚು ಅವಳ ಮಂಚದ ಪಕ್ಕದಲ್ಲೇ ಇತ್ತು. ನಾನು ಚಪ್ಪಲಿ ಬಿಡುತ್ತಿದ್ದ ಹಾಗೆ ಅವಳು ಮಂಚದಿಂದ ಎದ್ದು ನಿಂತು ಕೇಳುತ್ತಿದ್ದಳು: "ಹೆಣೆ, ಫ್ಯಾನ್ ಹಾಕ್ಲಾ?"